ಲೀಗ್ ಪಂದ್ಯಕ್ಕೇಕೆ ರಾಷ್ಟ್ರಗೀತೆ?

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ, ಜಗಳಕ್ಕೆ ಅನುಕೂಲವಾಗಲಿ. ದೇಶದ ತಂಡ ಆಡುವಾಗ ರಾಷ್ಟ್ರಗೀತೆ ಇರಲಿ. ಹರಾಜಿನಲ್ಲಿ ಕೊಂಡುತಂದ ಆಟಗಾರರನ್ನು ಇಟ್ಟುಕೊಂಡು ಎರಡು ಕಂಪನಿಗಳು ಪರಸ್ಪರ ಆಡಿಸುವಾಗ ಅದು ಬೇಡ. ಪ್ರೊ ಕಬಡ್ಡಿಯಂಥ ಲೀಗುಗಳ ಸಂಜೆಗಳಲ್ಲಿ ಕಣ್ಣುಕುಕ್ಕುವ ದೀಪಗಳ ನಡುವೆ ನಟನೋ ಗಾಯಕಿಯೋ ಮೈಕು ಹಿಡಿದು ಜನಗಣಮನ ಹಾಡುತ್ತಾರಲ್ಲ, ಆ ಕ್ರಮವನ್ನು ಕೈಬಿಡಬೇಕು.

ಹೀಗೆಂದ ಕೂಡಲೇ ಎದುರಿಗಿರುವವರು ಕೇಳುವ ಪ್ರಶ್ನೆ ಗೊತ್ತೇ ಇದೆ: 52 ಸೆಕೆಂಡು ಎದ್ದು ನಿಲ್ಲುವುದಕ್ಕೆ ನಿನಗೇನು ಕಷ್ಟ? ಏನೂ ಕಷ್ಟವಿಲ್ಲ. ನಾನು ನಿಲ್ಲುತ್ತೇನೆ, ಹಾಡುತ್ತೇನೆ ಕೂಡ. ಶಾಲೆಯ ಅಂಗಳದಲ್ಲಿ ಬಿಸಿಲಿಗೆ ನಿಂತು ಕಲಿತ ಹಾಡು ಅದು, ಅದರ ಮೇಲೆ ನನಗೆ ಪ್ರೀತಿಯಿದೆ. ನನ್ನ ತಕರಾರು ಎದ್ದು ನಿಲ್ಲುವವರ ಮೇಲಲ್ಲ, ಎಬ್ಬಿಸಿ ನಿಲ್ಲಿಸುವವರ ಮೇಲೆ. ಯಾವ ಹಕ್ಕಿನಿಂದ, ಯಾವ ಲಾಭಕ್ಕೆ ಅವರು ಆ ಹಾಡನ್ನು ಬಳಸುತ್ತಿದ್ದಾರೆ ಎಂದು ಕೇಳುವುದು ಹಾಡಿಗೆ ಅವಮಾನವಾಗುವುದಿಲ್ಲ.

ಮೊದಲು ಲೀಗ್ ಎಂದರೇನು ನೋಡೋಣ. 2018ರ ಆಗಸ್ಟಿನಲ್ಲಿ ಜಕಾರ್ತಾದ ಏಷ್ಯನ್ ಕ್ರೀಡಾಕೂಟದ ಕಬಡ್ಡಿ ಸೆಮಿಫೈನಲ್‌ನಲ್ಲಿ ಇರಾನ್ ಭಾರತವನ್ನು 27-18ರಿಂದ ಸೋಲಿಸಿತು. 1990ರಲ್ಲಿ ಕಬಡ್ಡಿ ಏಷ್ಯನ್ ಕ್ರೀಡಾಕೂಟಕ್ಕೆ ಬಂದಾಗಿನಿಂದ ಪುರುಷರ ಚಿನ್ನವನ್ನು ಪ್ರತಿ ಸಲ ಗೆಲ್ಲುತ್ತಿದ್ದ ಭಾರತಕ್ಕೆ ಅದು ಆಘಾತ. ಆ ಇರಾನ್ ತಂಡದ ಗೋಡೆಯಂತಿದ್ದವರು ಫಜಲ್ ಅತ್ರಾಚಲಿ. ಅದೇ ವರ್ಷದ ಪ್ರೊ ಕಬಡ್ಡಿಯಲ್ಲಿ ಅವರು ಯು ಮುಂಬಾ ತಂಡದ ನಾಯಕ. ಒಂದು ಕೋಟಿ ರೂಪಾಯಿಗೆ ಹರಾಜಿನಲ್ಲಿ ಬಂದವರು. ಮುಂಬೈಯ ಪ್ರೇಕ್ಷಕರು ಅವರನ್ನು ತಲೆಯ ಮೇಲೆ ಹೊತ್ತು ಮೆರೆಸಿದರು, ಮೆರೆಸಬೇಕಾದ್ದೇ. ಲೀಗಿನ ಚೆಲುವಿರುವುದೇ ಇಲ್ಲಿ. ಆಗಸ್ಟಿನಲ್ಲಿ ನಮ್ಮನ್ನು ಅಳಿಸಿದವನು ಅಕ್ಟೋಬರಿನಲ್ಲಿ ನಮ್ಮವನಾಗುತ್ತಾನೆ, ಪಾಸ್‌ಪೋರ್ಟು ಯಾರಿಗೂ ನೆನಪಾಗುವುದಿಲ್ಲ. ಈಗ ಹೇಳಿ, ಅಂಥ ಅಂಕಣದಲ್ಲಿ ರಾಷ್ಟ್ರಗೀತೆ ಯಾರ ಪರವಾಗಿ ಮೊಳಗುತ್ತದೆ? ಎರಡೂ ಬದಿಯಲ್ಲಿ ಇರುವವರು ದೇಶದ ಪ್ರತಿನಿಧಿಗಳಲ್ಲ. ಗೆದ್ದರೆ ದೇಶ ಗೆಲ್ಲುವುದಿಲ್ಲ, ಸೋತರೆ ದೇಶ ಸೋಲುವುದಿಲ್ಲ. ದೇಶ ಅಲ್ಲಿ ಆಡುತ್ತಲೇ ಇಲ್ಲ.

ಹಾಗಾದರೆ ಅಲ್ಲಿ ಇರುವವರು ಯಾರು? ಪ್ರಾಯೋಜಕರು. 2017ರಿಂದ ಪ್ರೊ ಕಬಡ್ಡಿಯ ಹೆಸರಿನ ಹಿಂದೆ ವಿವೊ ಎಂಬ ಚೀನೀ ಮೊಬೈಲ್ ಕಂಪನಿಯ ಹೆಸರು ಅಂಟಿತು. 2020ರಲ್ಲಿ ಗಲ್ವಾನ್ ಕಣಿವೆಯಲ್ಲಿ ನಮ್ಮ 20 ಸೈನಿಕರು ಸತ್ತರು. ಚೀನೀ ವಸ್ತುಗಳ ಬಹಿಷ್ಕಾರದ ಕೂಗೆದ್ದಿತು. ಐಪಿಎಲ್ ಆ ವರ್ಷದ ಮಟ್ಟಿಗೆ ಆ ಪ್ರಾಯೋಜಕರನ್ನು ದೂರವಿಟ್ಟಿತು. ಕಬಡ್ಡಿ ಲೀಗು 2021-22ರಲ್ಲಿ ಬೆಂಗಳೂರಿನಲ್ಲಿ ನಡೆದಾಗಲೂ ಅದೇ ಹೆಸರಿನಲ್ಲೇ ನಡೆಯಿತು. ಅದನ್ನು ದೇಶದ್ರೋಹ ಎನ್ನುವವನು ನಾನಲ್ಲ. ಒಪ್ಪಂದ ಒಪ್ಪಂದವೇ, ವ್ಯಾಪಾರ ವ್ಯಾಪಾರವೇ. ನಾನು ಹೇಳುವುದು ಇಷ್ಟೇ: ವ್ಯಾಪಾರ ತನ್ನ ಲೆಕ್ಕಾಚಾರವನ್ನು ದೇಶಕ್ಕಾಗಿ ಬದಲಿಸದಿದ್ದರೆ ಅದು ಸಹಜ. ಆದರೆ ಅದೇ ವ್ಯಾಪಾರ ಪ್ರೇಕ್ಷಕನಿಂದ ಮಾತ್ರ ದೇಶಕ್ಕಾಗಿ ಎದ್ದು ನಿಲ್ಲುವುದನ್ನು ನಿರೀಕ್ಷಿಸಿದರೆ ಅದಕ್ಕೆ ಕನ್ನಡದಲ್ಲಿ ಬೇರೆ ಪದವಿದೆ.

ಈ ಪದ್ಧತಿಯ ಬೇರು ಹುಡುಕಿದರೆ ಅಮೆರಿಕಕ್ಕೆ ಹೋಗಬೇಕು. ವೃತ್ತಿಪರ ಕ್ರೀಡೆ ಮತ್ತು ರಾಷ್ಟ್ರಗೀತೆಯ ಮದುವೆಯನ್ನು ಅಲ್ಲಿಯಷ್ಟು ಗಟ್ಟಿಯಾಗಿ ಬೇರೆಲ್ಲೂ ಮಾಡಿಲ್ಲ. 1918ರ ಸೆಪ್ಟೆಂಬರ್ 5ರಂದು ಶಿಕಾಗೋದಲ್ಲಿ ಬೇಸ್‌ಬಾಲ್ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯ. ಮೊದಲ ಮಹಾಯುದ್ಧ ನಡೆಯುತ್ತಿತ್ತು. ಹಿಂದಿನ ದಿನವಷ್ಟೇ ಅದೇ ಊರಿನ ಸರ್ಕಾರಿ ಕಟ್ಟಡವೊಂದರಲ್ಲಿ ಬಾಂಬು ಸಿಡಿದು ನಾಲ್ವರು ಸತ್ತಿದ್ದರು. ಜನ ಕಡಿಮೆ, ಉತ್ಸಾಹವಂತೂ ಇಲ್ಲವೇ ಇಲ್ಲ. ಏಳನೆಯ ಇನಿಂಗ್ಸಿನ ಬಿಡುವಿನಲ್ಲಿ ಬ್ಯಾಂಡಿನವರು 'ಸ್ಟಾರ್ ಸ್ಪ್ಯಾಂಗಲ್ಡ್ ಬ್ಯಾನರ್' ನುಡಿಸಿದರು. ನೌಕಾಪಡೆಯಿಂದ ರಜೆಯ ಮೇಲೆ ಬಂದು ಆಡುತ್ತಿದ್ದ ಫ್ರೆಡ್ ಥಾಮಸ್ ತಟ್ಟನೆ ತಿರುಗಿ ಧ್ವಜಕ್ಕೆ ಸೆಲ್ಯೂಟ್ ಹೊಡೆದ. ಆಟಗಾರರು ಎದೆಯ ಮೇಲೆ ಕೈಯಿಟ್ಟರು, ಗ್ಯಾಲರಿ ಹಾಡತೊಡಗಿತು. ಆ ಹಾಡು ಆಗಿನ್ನೂ ಅಧಿಕೃತ ರಾಷ್ಟ್ರಗೀತೆಯಾಗಿರಲಿಲ್ಲ, ಆದದ್ದು 1931ರಲ್ಲಿ.

ಆ ಕ್ಷಣವನ್ನು ನಾನು ಗೇಲಿ ಮಾಡಲಾರೆ. ಮನೆಯ ಮಕ್ಕಳು ಯುದ್ಧಭೂಮಿಯಲ್ಲಿದ್ದಾಗ ಜನ ತಾವಾಗಿಯೇ ಹಾಡಿದರು, ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ಮುಂದೇನಾಯಿತು? ಅದಕ್ಕೆ ಸಿಕ್ಕ ಚಪ್ಪಾಳೆಯನ್ನು ಕಂಡ ಆಯೋಜಕರು ಉಳಿದ ಪಂದ್ಯಗಳಿಗೂ ಅದನ್ನು ಸೇರಿಸಿದರು. ಎರಡನೆಯ ಮಹಾಯುದ್ಧದ ಕಾಲಕ್ಕೆ ಅದು ದಿನನಿತ್ಯದ ಕ್ರಮವಾಯಿತು. ಯುದ್ಧ ಮುಗಿಯಿತು, ಹಾಡು ಮುಗಿಯಲಿಲ್ಲ. 1945ರಲ್ಲಿ ಅಮೆರಿಕನ್ ಫುಟ್‌ಬಾಲ್ ಲೀಗಿನ ಮುಖ್ಯಸ್ಥ ಎಲ್ಮರ್ ಲೇಡನ್, ಶಾಂತಿ ಬಂದಿದೆ ಎಂದು ಇದನ್ನು ಬಿಡಬಾರದು, ಪಂದ್ಯದ ಮೊದಲ ಒದೆತದಷ್ಟೇ ಇದೂ ಆಟದ ಭಾಗವಾಗಬೇಕು ಎಂಬ ಅರ್ಥದ ಮಾತಾಡಿದ. ಹೃದಯದಿಂದ ಒಮ್ಮೆ ಉಕ್ಕಿದ್ದನ್ನು ವೇಳಾಪಟ್ಟಿಗೆ ಹಾಕಿದರೆ ಅದು ಶಾಸ್ತ್ರವಾಗುತ್ತದೆ. ಶಾಸ್ತ್ರ ಬಂದಲ್ಲಿ ದಕ್ಷಿಣೆಯೂ ಬರುತ್ತದೆ.

ದಕ್ಷಿಣೆಯ ಮಾತು ಅಲಂಕಾರಕ್ಕೆ ಹೇಳಿದ್ದಲ್ಲ. 2015ರ ನವೆಂಬರಿನಲ್ಲಿ ಸೆನೆಟರುಗಳಾದ ಜಾನ್ ಮೆಕೇನ್ ಮತ್ತು ಜೆಫ್ ಫ್ಲೇಕ್ ಒಂದು ವರದಿ ತಂದರು. ಮೆಕೇನ್ ಯಾರೆಂದು ಗೊತ್ತಲ್ಲ, ವಿಯೆಟ್ನಾಂನಲ್ಲಿ ಐದು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದ ಯೋಧ, ರಿಪಬ್ಲಿಕನ್. ಅವರ ದೇಶಭಕ್ತಿಯನ್ನು ಪ್ರಶ್ನಿಸುವವರು ಕಡಿಮೆ. ಅಮೆರಿಕದ ರಕ್ಷಣಾ ಇಲಾಖೆ ಕೆಲವೇ ವರ್ಷಗಳಲ್ಲಿ 68 ಲಕ್ಷ ಡಾಲರುಗಳಷ್ಟು ಹಣವನ್ನು ವೃತ್ತಿಪರ ತಂಡಗಳಿಗೆ ಕೊಟ್ಟಿತ್ತು ಎಂದು ಆ ವರದಿ ಹೇಳಿತು. ಯಾತಕ್ಕೆ? ಮೈದಾನದಲ್ಲಿ ದೊಡ್ಡ ಧ್ವಜ ಬಿಡಿಸುವುದಕ್ಕೆ, ಸೈನಿಕರನ್ನು ಗೌರವಿಸುವುದಕ್ಕೆ, ಅವರಿಂದ ರಾಷ್ಟ್ರಗೀತೆ ಹಾಡಿಸುವುದಕ್ಕೆ. ಗ್ಯಾಲರಿಯಲ್ಲಿ ಕಣ್ಣೀರು ಒರೆಸಿಕೊಂಡ ಪ್ರೇಕ್ಷಕನಿಗೆ ಅದು ತಂಡದ ಸ್ವಂತ ಗೌರವಾರ್ಪಣೆ ಎನ್ನಿಸಿತ್ತು. ಅದು ಬಿಲ್ಲು ಹಾಕಿ ಮಾರಿದ ಜಾಹೀರಾತಾಗಿತ್ತು. ಆಮೇಲೆ ಫುಟ್‌ಬಾಲ್ ಲೀಗು ಏಳು ಲಕ್ಷ ಡಾಲರಿಗೂ ಹೆಚ್ಚು ಹಣವನ್ನು ವಾಪಸು ಕೊಟ್ಟಿತು. ಹಣ ವಾಪಸು ಬಂತು. ಒರೆಸಿಕೊಂಡ ಕಣ್ಣೀರಿಗೆ ವಾಪಸಾತಿಯ ವ್ಯವಸ್ಥೆ ಇರಲಿಲ್ಲ.

ಮಾರುಕಟ್ಟೆಯ ನಂತರ ಪೊಲೀಸಗಿರಿ ಬರುತ್ತದೆ. ಎಲ್ಲರೂ ನಿಲ್ಲಬೇಕಾದ ಕ್ಷಣವೊಂದನ್ನು ಸೃಷ್ಟಿಸಿದ ಮೇಲೆ ನಿಲ್ಲದವನನ್ನು ಹುಡುಕುವ ಕಣ್ಣೂ ಹುಟ್ಟುತ್ತದೆ. 1996ರಲ್ಲಿ ಬಾಸ್ಕೆಟ್‌ಬಾಲ್ ಆಟಗಾರ ಮಹಮೂದ್ ಅಬ್ದುಲ್ ರವೂಫ್ ರಾಷ್ಟ್ರಗೀತೆಗೆ ನಿಲ್ಲಲಿಲ್ಲವೆಂದು ಲೀಗು ಅವರನ್ನು ಒಂದು ಪಂದ್ಯದಿಂದ ಹೊರಗಿಟ್ಟಿತು. 2016ರಲ್ಲಿ ಕಾಲಿನ್ ಕೆಪರ್ನಿಕ್ ಕಪ್ಪುಜನರ ಮೇಲಿನ ಪೊಲೀಸ್ ಹಿಂಸೆಯನ್ನು ವಿರೋಧಿಸಿ ಮೊದಲು ಕೂತರು, ಆಮೇಲೆ ಮಂಡಿಯೂರಿದರು. ಆ ಋತುವಿನ ನಂತರ ಅವರನ್ನು ಯಾವ ತಂಡವೂ ಆಡಿಸಲಿಲ್ಲ. ಅವರು ಕೂಗಲಿಲ್ಲ, ಧ್ವಜ ಸುಡಲಿಲ್ಲ. ಕೆಲಸದ ಜಾಗದಲ್ಲಿ, ಕೆಲಸ ಶುರುವಾಗುವ ಮುಂಚೆ, ಮಾಲೀಕ ಏರ್ಪಡಿಸಿದ ವಿಧಿಯಲ್ಲಿ ಮೌನವಾಗಿ ಮಂಡಿಯೂರಿದರು, ಅಷ್ಟೇ. ನಿಮ್ಮ ಬ್ಯಾಂಕಿನಲ್ಲಿ, ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ದಿನಾ ಶಿಫ್ಟಿಗೆ ಮುಂಚೆ ಇಂಥ ವಿಧಿಯಿಟ್ಟು, ನಿಲ್ಲದವರ ನೌಕರಿ ಹೋಗುವಂತಾದರೆ ನಾವು ಅದನ್ನು ದೇಶಭಕ್ತಿ ಎನ್ನುತ್ತೇವೆಯೇ? ಆಟಗಾರನೂ ನೌಕರನೇ.

ಅಮೆರಿಕದ ಕತೆ ನಮಗೇಕೆ ಎನ್ನುವವರಿಗೆ ನಮ್ಮದೇ ಸಿನಿಮಾ ಮಂದಿರದ ಕತೆಯಿದೆ. 1962ರ ಚೀನಾ ಯುದ್ಧದ ನಂತರ ಸಿನಿಮಾ ಮುಗಿದ ಮೇಲೆ ರಾಷ್ಟ್ರಗೀತೆ ಹಾಕುವ ರೂಢಿ ಹರಡಿತು. ಜನ ಬಾಗಿಲಿನತ್ತ ನಡೆಯತೊಡಗಿದರು, ರೂಢಿ ತಾನಾಗಿ ಸವೆಯಿತು. 2016ರ ನವೆಂಬರ್ 30ರಂದು ಸುಪ್ರೀಂ ಕೋರ್ಟು ಮಧ್ಯಂತರ ಆದೇಶ ಕೊಟ್ಟು ಎಲ್ಲ ಚಿತ್ರಮಂದಿರಗಳಲ್ಲೂ ಸಿನಿಮಾಕ್ಕೆ ಮುಂಚೆ ರಾಷ್ಟ್ರಗೀತೆಯನ್ನು ಕಡ್ಡಾಯ ಮಾಡಿತು. ಮರುತಿಂಗಳೇ ತಿರುವನಂತಪುರದ ಚಿತ್ರೋತ್ಸವದಲ್ಲಿ ಎದ್ದು ನಿಲ್ಲದ ಪ್ರೇಕ್ಷಕರನ್ನು ಪೊಲೀಸರು ಹಿಡಿದರು. ಆದೇಶಕ್ಕೂ ಒಂದು ತಿಂಗಳ ಮುಂಚೆ, ಗೋವಾದ ಪಣಜಿಯಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಬಳಸುವ ಲೇಖಕರೊಬ್ಬರು ನಿಲ್ಲಲಿಲ್ಲವೆಂದು ಹಿಂದಿನ ಸಾಲಿನವರಿಂದ ಏಟು ತಿಂದಿದ್ದರು. ಹೊಡೆದವರಿಗೆ ಅವರು ನಿಲ್ಲಲಾರರೆಂಬುದು ತಿಳಿದಿರಲಿಲ್ಲ. ತಿಳಿದುಕೊಳ್ಳುವ ತಾಳ್ಮೆಯೂ ಇರಲಿಲ್ಲ.

2018ರ ಜನವರಿ 9ರಂದು ಕೋರ್ಟು ತನ್ನ ಆದೇಶವನ್ನು ತಿದ್ದಿ, ರಾಷ್ಟ್ರಗೀತೆ ಹಾಕುವುದು ಚಿತ್ರಮಂದಿರದವರ ಇಚ್ಛೆ, ಕಡ್ಡಾಯವಲ್ಲ ಎಂದಿತು. ಆದರೆ 2019ರ ಅಕ್ಟೋಬರಿನಲ್ಲಿ ನಮ್ಮ ಬೆಂಗಳೂರಿನ ಮಲ್ಟಿಪ್ಲೆಕ್ಸೊಂದರಲ್ಲಿ ಕೂತೇ ಇದ್ದ ಕೆಲವರನ್ನು ಸುತ್ತುವರಿದು, ಬೈದು, ವಿಡಿಯೋ ಮಾಡಿ ಹಂಚಿದರು. ಕಡ್ಡಾಯ ಹೋಗಿತ್ತು, ಕಡ್ಡಾಯ ಕಲಿಸಿದ ಚಾಳಿ ಉಳಿದಿತ್ತು. ಸಿನಿಮಾ ಮಂದಿರದಲ್ಲಿ ಇನ್ನೂರು ಮುನ್ನೂರು ಜನ, ಕತ್ತಲೆ. ಕ್ರೀಡಾಂಗಣದಲ್ಲಿ ಸಾವಿರಾರು ಜನ, ಆಗಲೇ ಎದುರಾಳಿಯ ಮೇಲೆ ಕಾವೇರಿಸಿಕೊಂಡವರು, ಪ್ರತಿ ಮುಖದ ಮೇಲೂ ಕ್ಯಾಮೆರಾ. ಅಲ್ಲಿ ಈ ಚಾಳಿ ಹಬ್ಬಿದರೆ ಏನಾಗುತ್ತದೆಂದು ಊಹಿಸಲು ಸಂಶೋಧನೆ ಬೇಕಿಲ್ಲ.

ಆ 2016ರ ಆದೇಶದ ಮೊದಲ ಸೂಚನೆಯನ್ನೇ ನಾವೆಲ್ಲ ಮರೆತಿದ್ದೇವೆ. ರಾಷ್ಟ್ರಗೀತೆಯನ್ನು ವಾಣಿಜ್ಯ ಲಾಭಕ್ಕೆ ಬಳಸಕೂಡದು ಎಂಬುದೇ ಅದು. ಕಡ್ಡಾಯದ ಭಾಗವನ್ನು ಎತ್ತಿ ಹಿಡಿದು ಕುಣಿದವರು ಈ ಭಾಗವನ್ನು ಎತ್ತಲೇ ಇಲ್ಲ. ಟಿಕೆಟ್ಟು, ಪ್ರಸಾರದ ಹಕ್ಕು, ಜೆರ್ಸಿಯ ಮೇಲಿನ ಲೋಗೋ ಎಲ್ಲದರಿಂದ ಹಣ ಮಾಡುವ ಕಾರ್ಯಕ್ರಮಕ್ಕೆ ರಾಷ್ಟ್ರಗೀತೆ ಮೆರುಗು ಕೊಡುತ್ತದೆ ಎಂದಾದರೆ ಅದು ವಾಣಿಜ್ಯ ಬಳಕೆಯಲ್ಲದೆ ಮತ್ತೇನು?

ಕಾನೂನಿನ ಮಾತು ಬಂದದ್ದರಿಂದ ಹೇಳುತ್ತೇನೆ. 1971ರ ರಾಷ್ಟ್ರೀಯ ಗೌರವಕ್ಕೆ ಅವಮಾನ ತಡೆ ಕಾಯ್ದೆ ಶಿಕ್ಷಿಸುವುದು ಬೇಕೆಂದೇ ಹಾಡುವುದನ್ನು ತಡೆಯುವವರನ್ನು, ಹಾಡುತ್ತಿರುವ ಸಭೆಗೆ ಅಡ್ಡಿಪಡಿಸುವವರನ್ನು. ಸುಮ್ಮನೆ ಕೂತವರ ಬಗ್ಗೆ ಅದರಲ್ಲಿ ಮಾತಿಲ್ಲ. 1986ರಲ್ಲಿ ಕೇರಳದ ಮೂವರು ಮಕ್ಕಳ ಮೊಕದ್ದಮೆಯಲ್ಲಿ, ಧಾರ್ಮಿಕ ನಂಬಿಕೆಯಿಂದಾಗಿ ಹಾಡದೆ ಗೌರವದಿಂದ ಎದ್ದು ನಿಲ್ಲುತ್ತಿದ್ದ ಅವರನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪೆಂದು ಸುಪ್ರೀಂ ಕೋರ್ಟು ಹೇಳಿತು. ಕೇಂದ್ರ ಗೃಹ ಸಚಿವಾಲಯದ ನಿಯಮಗಳು ರಾಷ್ಟ್ರಗೀತೆ ನುಡಿಸಿದಾಗ ಸಭಿಕರು ಎದ್ದು ನಿಲ್ಲಬೇಕೆನ್ನುತ್ತವೆ. ಆದರೆ ವಾರ್ತಾಚಿತ್ರ, ಸಾಕ್ಷ್ಯಚಿತ್ರದ ನಡುವೆ ಅದು ಬಂದರೆ ಏಳಬೇಕಿಲ್ಲ, ಎದ್ದರೆ ಗೌರವ ಹೆಚ್ಚುವ ಬದಲು ಗೊಂದಲವಾಗುತ್ತದೆ ಎಂದೂ ಅವೇ ನಿಯಮಗಳು ಹೇಳುತ್ತವೆ. ಎಂಥ ವ್ಯವಹಾರಜ್ಞಾನ! ಹಾಡಿಗೆ ಸಂದರ್ಭ ಮುಖ್ಯ ಎನ್ನುವುದು ದೆಹಲಿಯ ಗುಮಾಸ್ತನಿಗೂ ಹೊಳೆದಿತ್ತು.

ನಮ್ಮ ಹಾಸ್ಟೆಲಿನ ಟಿವಿ ಕೋಣೆಯಲ್ಲಿ ಈ ಗೊಂದಲವನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕಬಡ್ಡಿ ಶುರುವಾಗುವ ಮುಂಚೆ ಪರದೆಯಲ್ಲಿ ರಾಷ್ಟ್ರಗೀತೆ ಬರುತ್ತದೆ. ಒಬ್ಬ ತಟ್ಟೆ ಹಿಡಿದೇ ಅರ್ಧ ಏಳುತ್ತಾನೆ, ಇನ್ನೊಬ್ಬ ಅವನನ್ನು ನೋಡಿ ಏಳಬೇಕೋ ಬೇಡವೋ ಎಂದು ಕುರ್ಚಿಯ ಅಂಚಿಗೆ ಬರುತ್ತಾನೆ, ಮತ್ತೊಬ್ಬ ರಿಮೋಟಿನಿಂದ ದನಿ ತಗ್ಗಿಸುತ್ತಾನೆ. ಯಾರೂ ಅಗೌರವ ತೋರಬೇಕೆಂದುಕೊಂಡವರಲ್ಲ. ಅನ್ನ ಸಾರಿನ ನಡುವೆ, ಜಾಹೀರಾತುಗಳ ನಡುವೆ ಆ ಹಾಡನ್ನು ತಂದು ಸುರಿದವರು ನಮ್ಮೆಲ್ಲರನ್ನೂ ಈ ಪೇಚಿಗೆ ಸಿಕ್ಕಿಸಿದ್ದಾರೆ.

ನನ್ನ ವಿರುದ್ಧದ ವಾದಗಳಲ್ಲಿ ಎರಡನ್ನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಮೊದಲನೆಯದು, ಜಾತಿ ಮತ ಭಾಷೆಗಳಿಂದ ಒಡೆದಿರುವ ನಾವು ಒಂದಾಗಿ ನಿಲ್ಲುವ ಕೆಲವೇ ಕ್ಷಣಗಳಲ್ಲಿ ಇದೊಂದು ಎನ್ನುವುದು. ಆಸೆ ಒಳ್ಳೆಯದು. ಆದರೆ ಕ್ರೀಡಾಂಗಣದಲ್ಲಿ ಜನರನ್ನು ಒಂದುಮಾಡುವುದು ಆಟವೇ. ಐಪಿಎಲ್ 2008ರಲ್ಲಿ ಶುರುವಾಯಿತು. ಅದರ ದಿನನಿತ್ಯದ ಲೀಗ್ ಪಂದ್ಯಗಳಿಗೆ ರಾಷ್ಟ್ರಗೀತೆಯ ವಾಡಿಕೆ ಬೆಳೆಯಲಿಲ್ಲ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಸ್ಕಿ ಬ್ರಾಂಡಿನಿಂದ ಹೆಸರು ಪಡೆದ ತಂಡಕ್ಕಾಗಿ ಕನ್ನಡದವರು, ತಮಿಳರು, ಉತ್ತರದಿಂದ ಕೆಲಸಕ್ಕೆ ಬಂದವರು ಒಂದೇ ಗಂಟಲಿನಲ್ಲಿ ಕೂಗಿದರು. ಯಾರ ದೇಶಪ್ರೇಮವೂ ಅದರಿಂದ ಕರಗಲಿಲ್ಲ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನ ಮಾಮೂಲು ಪಂದ್ಯಗಳಿಗೂ ರಾಷ್ಟ್ರಗೀತೆಯಿಲ್ಲ, ಆ ದೇಶ ಮುಳುಗಿಲ್ಲ.

ಎರಡನೆಯದು, ಕಬಡ್ಡಿಯಂಥ ಮಣ್ಣಿನ ಆಟಕ್ಕೆ ಇದರಿಂದ ಘನತೆ ಬರುತ್ತದೆ ಎನ್ನುವುದು. ಹಳ್ಳಿಯಿಂದ ಬಂದ ಹುಡುಗ ಲಕ್ಷಾಂತರ ಜನರೆದುರು ರಾಷ್ಟ್ರಗೀತೆಗೆ ನಿಂತಾಗ ಅವನೆದೆ ಉಬ್ಬುತ್ತದೆ ನಿಜ. ಅವನಿಗೆ ಘನತೆ ಕೊಡುವ ಬೇರೆ ದಾರಿಗಳಿವೆ: ಮುರಿದ ಮೊಣಕಾಲಿಗೆ ವಿಮೆ, ಆಟ ಮುಗಿದ ಮೇಲೆ ನೌಕರಿ, ಜಿಲ್ಲಾ ಕೇಂದ್ರಗಳಲ್ಲಿ ಮ್ಯಾಟು. ಇವಕ್ಕೆ ಹಣ ಬೇಕು. ಹಾಡು ಪುಕ್ಕಟೆ.

ಹಾಡಿನ ಬಗ್ಗೆ ನಾವು ನಿಜವಾಗಿ ಗಂಭೀರವಾಗಿದ್ದಾಗ ಹೇಗಿರುತ್ತೇವೆಂಬುದಕ್ಕೆ ನಮ್ಮ ನಾಡಗೀತೆಯೇ ಉದಾಹರಣೆ. ಕುವೆಂಪು ಅವರ ಆ ರಚನೆಯನ್ನು ಯಾವ ಧಾಟಿಯಲ್ಲಿ, ಎಷ್ಟು ಹೊತ್ತು ಹಾಡಬೇಕೆಂದು ವರ್ಷಗಟ್ಟಲೆ ಜಗ್ಗಾಡಿದೆವು. ಕೊನೆಗೆ 2022ರಲ್ಲಿ ಮೈಸೂರು ಅನಂತಸ್ವಾಮಿ ಅವರ ಧಾಟಿ, ಎರಡೂವರೆ ನಿಮಿಷ ಎಂದು ಸರ್ಕಾರ ನಿಗದಿ ಮಾಡಿತು. ಆ ಜಗಳ ಕೆಲವರಿಗೆ ನಗೆಪಾಟಲಾಗಿ ಕಂಡಿತು, ನನಗೆ ಇಷ್ಟವಾಯಿತು. ಹಾಡು ಎಲ್ಲರದೂ ಎಂದಾದರೆ ಎಲ್ಲರೂ ಮಾತಾಡಬೇಕು. ಲೀಗಿಗೆ ರಾಷ್ಟ್ರಗೀತೆ ಬೇಕೇ ಎಂದು ನಿಮ್ಮನ್ನು ಯಾರಾದರೂ ಕೇಳಿದ್ದರೇ?

ಜನಗಣಮನ ಬರೆದ ಕವಿಯೇ ಈ ವಿಷಯದಲ್ಲಿ ನಮಗಿಂತ ಮುಂಚೆ ಯೋಚಿಸಿದ್ದ ಎನ್ನುವುದನ್ನು ಸಾಹಿತ್ಯದ ವಿದ್ಯಾರ್ಥಿಯಾಗಿ ನಾನು ಮರೆಯಲಾರೆ. ಟ್ಯಾಗೋರರ 'ಘರೆ ಬೈರೆ' ಕಾದಂಬರಿಯ ಸಂದೀಪ ಮಾತಿನ ಮಲ್ಲ, ದೇಶದ ಹೆಸರಿನಲ್ಲಿ ಊರಿಗೆ ಊರನ್ನೇ ಎಬ್ಬಿಸಬಲ್ಲವನು. ಅದೇ ಹೆಸರಿನಲ್ಲಿ ಬಿಮಲೆಯಿಂದ ಅವಳ ಮನೆಯ ಹಣವನ್ನೂ ಕದಿಸುತ್ತಾನೆ. ನಿಖಿಲೇಶ ದೇಶವನ್ನು ಪ್ರೀತಿಸುತ್ತಾನೆ, ಆದರೆ ತನ್ನ ಸಂತೆಯ ಬಡ ವ್ಯಾಪಾರಿಗಳ ಮೇಲೆ ಆ ಪ್ರೀತಿಯನ್ನು ಹೇರಲು ಒಪ್ಪುವುದಿಲ್ಲ. ಅವನನ್ನು ಊರು ದ್ರೋಹಿ ಎನ್ನುತ್ತದೆ. ಘೋಷಣೆ ಮತ್ತು ಗಲ್ಲಾಪೆಟ್ಟಿಗೆ ಜೊತೆಯಾದಾಗ ಏನಾಗುತ್ತದೆಂದು 1916ರಲ್ಲೇ ತೋರಿಸಿಕೊಟ್ಟವನ ಹಾಡನ್ನೇ ನಾವು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ನಿಲ್ಲಿಸಿದ್ದೇವೆ.

ಹಾಗಾದರೆ ಆ ಹಾಡು ಕ್ರೀಡೆಯಲ್ಲಿ ಎಲ್ಲಿರಬೇಕು? 1980ರಲ್ಲಿ ಮಾಸ್ಕೋದಲ್ಲಿ ನಮ್ಮ ಹಾಕಿ ತಂಡ ಚಿನ್ನ ಗೆದ್ದಿತು. ಅದಾದ ಮೇಲೆ ಒಲಿಂಪಿಕ್ಸಿನ ಪದಕ ವೇದಿಕೆಯಲ್ಲಿ ಜನಗಣಮನ ಮತ್ತೆ ಕೇಳಿಸಲು 28 ವರ್ಷ ಬೇಕಾಯಿತು, 2008ರ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಗೆದ್ದಾಗ. ಆಮೇಲೆ ಮತ್ತೆ 13 ವರ್ಷ. 2021ರ ಆಗಸ್ಟ್ 7ರಂದು ಟೋಕಿಯೋದಲ್ಲಿ ನೀರಜ್ ಚೋಪ್ರಾ ಎಸೆದ ಈಟಿ 87.58 ಮೀಟರ್ ದೂರ ಹೋಗಿ ಬಿದ್ದ ಮೇಲೆ ಅದು ಮತ್ತೆ ಕೇಳಿಸಿತು. ಅಂದು ಯಾರೂ ಯಾರಿಗೂ ಎದ್ದು ನಿಲ್ಲಲು ಹೇಳಲಿಲ್ಲ. ಅದೇ ಟಿವಿ, ಅದೇ 52 ಸೆಕೆಂಡು. ಮನೆಮನೆಯಲ್ಲಿ ಜನ ತಾವಾಗಿ ಎದ್ದರು, ಕೆಲವರು ಅತ್ತರು. ಆ ಹಾಡಿಗೆ ಅಷ್ಟು ತೂಕ ಬಂದದ್ದು ಅದನ್ನು ಅಷ್ಟು ವರ್ಷ ಕಾದದ್ದರಿಂದ. ಒಂದೇ ಋತುವಿನಲ್ಲಿ ನೂರಕ್ಕೂ ಹೆಚ್ಚು ಪಂದ್ಯಗಳಿರುವ ಲೀಗು ಆ ತೂಕವನ್ನು ಸಂಜೆಗಿಷ್ಟು ಎಂದು ಚಿಲ್ಲರೆ ಮಾಡಿ ಖರ್ಚು ಮಾಡುತ್ತಿದೆ.

ಆದ್ದರಿಂದ ಲೀಗುಗಳಿಗೆ ನನ್ನ ಬೇಡಿಕೆ ಸರಳ. ನೀಲಿ ಜೆರ್ಸಿ ಹಾಕಿಕೊಂಡು ಭಾರತ ಆಡುವ ದಿನಕ್ಕೆ ಆ ಹಾಡನ್ನು ಬಿಟ್ಟುಕೊಡಿ. ನಿಮ್ಮ ಪಂದ್ಯಕ್ಕೆ ತಮಟೆ ಬಾರಿಸಿ, ಡೊಳ್ಳು ಕುಣಿಸಿ, ನಿಮ್ಮದೇ ತಂಡದ ಹಾಡು ಬರೆಸಿ, ಸಂಭಾವನೆಯನ್ನು ಸರಿಯಾಗಿ ಕೊಟ್ಟು ಒಬ್ಬ ಒಳ್ಳೆಯ ಕವಿಯಿಂದ ಬರೆಸಿ. ನಾವು ಟಿಕೆಟ್ಟು ಕೊಂಡು ಬಂದದ್ದು ಆಟ ನೋಡುವುದಕ್ಕೆ. ಸೀಟಿ ಊದಿ, ಆಟ ಶುರುಮಾಡಿ.